ವಿಶ್ವದ ಬಾಲ್ಯ ಗೊತ್ತು, ಹುಟ್ಟು?

ವಿಶ್ವ ಹೇಗೆ ಹುಟ್ಟಿತು ಎಂದು ಖಗೋಳವಿಜ್ಞಾನಿಯೊಬ್ಬರನ್ನು ಕೇಳಿದರೆ ಅವರು ಸ್ವಲ್ಪ ತಡವರಿಸಿ, ಗೊತ್ತಿಲ್ಲ ಎನ್ನಬಹುದು. ಸುಮಾರು 1,380 ಕೋಟಿ ವರ್ಷಗಳ ಹಿಂದೆ ವಿಶ್ವ ಹೇಗಿತ್ತು ಎಂದು ಕೇಳಿ ನೋಡಿ. ಆಗಿನ ಉಷ್ಣತೆ ಎಷ್ಟು, ಜಲಜನಕ ಎಷ್ಟು ಪಾಲು, ಹೀಲಿಯಂ ಎಷ್ಟು ಪಾಲು ಎಂಬುದನ್ನೆಲ್ಲ ಅದೇ ವ್ಯಕ್ತಿ ಅಂಕಿ ಸಮೇತ ಒಪ್ಪಿಸುತ್ತಾರೆ. ಕೇಳಲು ಎರಡೂ ಒಂದೇ ಪ್ರಶ್ನೆಯಂತಿದ್ದರೂ ನಡುವೆ ಬಹಳ ಅಂತರವಿದೆ. ಮಹಾಸ್ಫೋಟ ಸಿದ್ಧಾಂತ ವಿವರಿಸುವುದು ವಿಶ್ವದ ಬೆಳವಣಿಗೆಯನ್ನು. ಅತಿ ಬಿಸಿಯಾಗಿ, ಅತಿ ಒತ್ತಾಗಿ ಇದ್ದ ಸ್ಥಿತಿಯಿಂದ ಅದು ಹಿಗ್ಗುತ್ತ, ತಣಿಯುತ್ತ ಇಂದಿನ ರೂಪಕ್ಕೆ ಬಂತು ಎಂಬುದಷ್ಟೇ ಅದರ ತಿರುಳು. ಆ ಬಿಸಿ ಸ್ಥಿತಿ ಎಲ್ಲಿಂದ ಬಂತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಕಾಲದಲ್ಲಿ ಹಿಂದೆ ಹಿಂದೆ ಹೋದಂತೆ ನಮಗೆ ಸಿಗುವ ಆಧಾರಗಳೂ ಬದಲಾಗುತ್ತ ಹೋಗುತ್ತವೆ. ಒಂದು ಹಂತದವರೆಗೆ ನಮ್ಮದು ನೇರವಾಗಿ ಕಂಡದ್ದು. ಅದರಾಚೆ ಲೆಕ್ಕ ಹಾಕಿ ತಾಳೆ ನೋಡಿದ್ದು. ಅದಕ್ಕೂ ಆಚೆ ಊಹೆ. ಈ ಮೂರರ ಗಡಿ ಎಲ್ಲೆಲ್ಲಿದೆ ಎಂದು ತಿಳಿಯದೆ ಹೋದರೆ ವಿಶ್ವದ ಕಥೆಯನ್ನು ಪೂರ್ತಿ ನಂಬುವುದು ಇಲ್ಲವೇ ಪೂರ್ತಿ ತಳ್ಳಿಹಾಕುವುದು, ಎರಡೇ ದಾರಿ ಉಳಿಯುತ್ತವೆ.

ದೂರ ಅಳೆದವರು, ವೇಗ ಅಳೆದವರು

ನೂರು ವರ್ಷಗಳ ಹಿಂದೆ ಈ ಚರ್ಚೆಗೇ ಜಾಗವಿರಲಿಲ್ಲ. 1920ರ ಹೊತ್ತಿಗೂ ಅನೇಕ ಖಗೋಳಜ್ಞರ ಪಾಲಿಗೆ ನಮ್ಮ ಆಕಾಶಗಂಗೆಯೇ ಇಡೀ ವಿಶ್ವ. ದೂರದರ್ಶಕದಲ್ಲಿ ಸುರುಳಿ ಸುರುಳಿಯಾಗಿ, ಮಸುಕಾಗಿ ಕಾಣುತ್ತಿದ್ದ ಆಕೃತಿಗಳು ಆಕಾಶಗಂಗೆಯೊಳಗಿನ ಅನಿಲದ ಮೋಡಗಳೋ, ಅದರಾಚೆಗಿನ ಬೇರೆಯೇ ನಕ್ಷತ್ರಲೋಕಗಳೋ ಎಂಬ ವಾದ ಇನ್ನೂ ಇತ್ಯರ್ಥವಾಗಿರಲಿಲ್ಲ.

ಅಮೆರಿಕದ ಅರಿಜೋನಾದ ಲೊವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ ಆ ಸುರುಳಿಗಳ ಬೆಳಕನ್ನು ರೋಹಿತವಾಗಿ ಬಿಡಿಸಿ ಫೋಟೋ ತೆಗೆಯುತ್ತಿದ್ದರು. ಬೆಳಕು ಎಷ್ಟು ಕ್ಷೀಣವೆಂದರೆ ಒಂದೇ ಫೋಟೋಗೆ ಗಂಟೆಗಟ್ಟಲೆ ಬೆಳಕು ಕೂಡಿಸಬೇಕಾಗುತ್ತಿತ್ತು. ಪ್ರತಿ ಧಾತುವೂ ರೋಹಿತದಲ್ಲಿ ತನ್ನದೇ ಗೆರೆಗಳನ್ನು ಬಿಡುತ್ತದೆ. ಆ ಗೆರೆಗಳು ಇರಬೇಕಾದ ಜಾಗದಿಂದ ಕೆಂಪಿನ ಕಡೆಗೆ ಸರಿದಿದ್ದರೆ ಬೆಳಕಿನ ಮೂಲ ನಮ್ಮಿಂದ ದೂರ ಹೋಗುತ್ತಿದೆ, ನೀಲಿಯ ಕಡೆಗೆ ಸರಿದಿದ್ದರೆ ಹತ್ತಿರ ಬರುತ್ತಿದೆ ಎಂದರ್ಥ. 1912ರಲ್ಲಿ ಸ್ಲೈಫರ್ ಅಳೆದ ಮೊದಲ ಸುರುಳಿ ಆಂಡ್ರೊಮಿಡಾ, ಸೆಕೆಂಡಿಗೆ 300 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿತ್ತು. ಆದರೆ ಅದು ಅಪವಾದ. 1917ರ ಹೊತ್ತಿಗೆ ಅವರು ಅಳೆದಿದ್ದ 25 ಸುರುಳಿಗಳಲ್ಲಿ 21 ದೂರ ಸರಿಯುತ್ತಿದ್ದವು.

ವೇಗ ಸಿಕ್ಕಿತು, ದೂರ ಸಿಗಬೇಕಿತ್ತು. ಅದಕ್ಕೆ ಅಳತೆಗೋಲು ಒದಗಿಸಿದವರು ಹಾರ್ವರ್ಡ್ ವೀಕ್ಷಣಾಲಯದಲ್ಲಿ ಫೋಟೋ ಗಾಜಿನ ಫಲಕಗಳನ್ನು ಪರಿಶೀಲಿಸುವ ಕೆಲಸಕ್ಕಿದ್ದ ಹೆನ್ರಿಯೆಟಾ ಲೀವಿಟ್. ಸೆಫೀಡ್ ಎಂಬ ಜಾತಿಯ ನಕ್ಷತ್ರಗಳು ಕ್ರಮಬದ್ಧವಾಗಿ ಬೆಳಗಿ ಮಂಕಾಗುತ್ತವೆ. ಕಿರಿಯ ಮೆಗೆಲಾನಿಕ್ ಮೋಡದಲ್ಲಿನ ಅಂಥ 25 ನಕ್ಷತ್ರಗಳನ್ನು ಹೋಲಿಸಿ 1912ರಲ್ಲಿ ಲೀವಿಟ್ ಒಂದು ನಿಯಮ ತೋರಿಸಿದರು: ಮಿಡಿತದ ಅವಧಿ ಹೆಚ್ಚಿದಷ್ಟೂ ನಕ್ಷತ್ರದ ನಿಜವಾದ ಪ್ರಖರತೆ ಹೆಚ್ಚು. ನಿಜವಾದ ಪ್ರಖರತೆ ತಿಳಿದರೆ, ಎಷ್ಟು ಮಂಕಾಗಿ ಕಾಣುತ್ತಿದೆ ಎಂಬುದರಿಂದ ದೂರ ತಾನಾಗಿ ಸಿಗುತ್ತದೆ.

1923ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮೇಲಿನ 100 ಇಂಚಿನ ದೂರದರ್ಶಕದಿಂದ ಎಡ್ವಿನ್ ಹಬಲ್ ಆಂಡ್ರೊಮಿಡಾದೊಳಗೇ ಒಂದು ಸೆಫೀಡನ್ನು ಗುರುತಿಸಿದರು. ಲೆಕ್ಕ ಹಾಕಿದಾಗ ಬಂದ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಇಂದಿನ ಲೆಕ್ಕದಲ್ಲಿ ಅದು 25 ಲಕ್ಷ. ಹಬಲ್ ಅವರ ಅಂಕಿ ಕಡಿಮೆಯಾಗಿದ್ದರೂ ವಾದ ಮುಗಿಸಲು ಅಷ್ಟೇ ಸಾಕಾಗಿತ್ತು. ಆಂಡ್ರೊಮಿಡಾ ಆಕಾಶಗಂಗೆಯ ಹೊರಗಿದೆ, ಅದೂ ಒಂದು ಗೆಲಾಕ್ಸಿ ಎಂಬುದು ಖಚಿತವಾಯಿತು.

1929ರಲ್ಲಿ ಹಬಲ್ 24 ಗೆಲಾಕ್ಸಿಗಳ ದೂರ ಮತ್ತು ವೇಗಗಳನ್ನು ಒಂದೇ ನಕ್ಷೆಯಲ್ಲಿ ಇಟ್ಟರು. ದೂರ ಹೆಚ್ಚಿದಷ್ಟೂ ವೇಗ ಹೆಚ್ಚು. ನಂತರದ ವರ್ಷಗಳಲ್ಲಿ ಇನ್ನೂ ದೂರದ ಗೆಲಾಕ್ಸಿಗಳ ರೋಹಿತ ತೆಗೆದುಕೊಟ್ಟವರು ಮಿಲ್ಟನ್ ಹ್ಯೂಮಸನ್. ಅರ್ಧಕ್ಕೆ ಶಾಲೆ ಬಿಟ್ಟು, ಮೌಂಟ್ ವಿಲ್ಸನ್ ಬೆಟ್ಟಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದವರು ಅವರು. ಆಮೇಲೆ ಅಲ್ಲೇ ಕಸ ಗುಡಿಸುವ ಕೆಲಸಕ್ಕೆ ಸೇರಿ, ದೂರದರ್ಶಕದ ಕೆಲಸ ಕಲಿತು ಖಗೋಳಜ್ಞರಾದರು.

ಸಮೀಕರಣದಲ್ಲಿ ಅಡಗಿದ್ದ ಹಿಗ್ಗುವಿಕೆ

ಕಾಗದದ ಮೇಲೆ ಈ ಸುದ್ದಿ ಮೊದಲೇ ಬಂದಿತ್ತು. ಐನ್‌ಸ್ಟೈನ್ ತಮ್ಮ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು 1917ರಲ್ಲಿ ಇಡೀ ವಿಶ್ವಕ್ಕೆ ಅನ್ವಯಿಸಿದಾಗ ಒಂದು ತೊಡಕು ಎದುರಾಯಿತು. ಗುರುತ್ವದಿಂದಾಗಿ ವಿಶ್ವ ನಿಂತಲ್ಲಿ ನಿಲ್ಲಲಾರದು, ಕುಸಿಯಬೇಕು. ವಿಶ್ವ ಬದಲಾಗದೆ ಇದೆ ಎಂದು ಅಂದು ಎಲ್ಲರೂ ನಂಬಿದ್ದರಿಂದ, ಕುಸಿತವನ್ನು ತಡೆಯಲು ಅವರು ಸಮೀಕರಣಕ್ಕೆ ಒಂದು ಹೆಚ್ಚುವರಿ ಪದ ಸೇರಿಸಿದರು. ರಷ್ಯಾದ ಗಣಿತಜ್ಞ ಅಲೆಕ್ಸಾಂಡರ್ ಫ್ರೀಡ್‌ಮನ್ 1922ರಲ್ಲಿ ಆ ಹಂಗಿಲ್ಲದೆ ಸಮೀಕರಣ ಬಿಡಿಸಿ, ವಿಶ್ವ ಹಿಗ್ಗಬಹುದು ಇಲ್ಲವೇ ಕುಗ್ಗಬಹುದು ಎಂದು ತೋರಿಸಿದರು. ಮೂರೇ ವರ್ಷಗಳಲ್ಲಿ ತೀರಿಕೊಂಡರು. 1927ರಲ್ಲಿ ಬೆಲ್ಜಿಯಂನ ಜಾರ್ಜ್ ಲಮೇತ್ರ್ ಸ್ವತಂತ್ರವಾಗಿ ಅದೇ ದಾರಿ ಹಿಡಿದು, ಒಂದು ಹೆಜ್ಜೆ ಮುಂದೆ ಹೋದರು: ಸ್ಲೈಫರ್ ಅಳೆದ ವೇಗಗಳೇ ಈ ಹಿಗ್ಗುವಿಕೆಯ ಗುರುತು ಎಂದರು. ಲಮೇತ್ರ್ ಭೌತವಿಜ್ಞಾನಿಯೂ ಹೌದು, ಕ್ಯಾಥೊಲಿಕ್ ಪಾದ್ರಿಯೂ ಹೌದು. ಅವರ ಫ್ರೆಂಚ್ ಲೇಖನ ಹೆಚ್ಚು ಜನ ಓದದ ಬೆಲ್ಜಿಯಂ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಮೂಲೆಗೆ ಬಿತ್ತು. ಓದಿದ ಐನ್‌ಸ್ಟೈನ್ ಕೂಡ ಲೆಕ್ಕವನ್ನು ಒಪ್ಪಿ ಅರ್ಥವನ್ನು ಒಪ್ಪಲಿಲ್ಲ. ಹಬಲ್ ನಿಯಮ ಎಂದು ಹೆಸರಾಗಿದ್ದನ್ನು ಹಬಲ್–ಲಮೇತ್ರ್ ನಿಯಮ ಎನ್ನಬೇಕೆಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಶಿಫಾರಸು ಮಾಡಿದ್ದು 2018ರಲ್ಲಿ.

ದೂರದ ಗೆಲಾಕ್ಸಿಗಳೆಲ್ಲ ನಮ್ಮಿಂದ ಇನ್ನೂ ದೂರ ಹೋಗುತ್ತಿವೆ ಎಂದ ಮಾತ್ರಕ್ಕೆ ನಾವು ವಿಶ್ವದ ನಡುಮಧ್ಯದಲ್ಲಿದ್ದೇವೆ ಎಂದಲ್ಲ. ಒಂದು ಎಲಾಸ್ಟಿಕ್ ದಾರಕ್ಕೆ ಗೇಣಿಗೊಂದರಂತೆ ಗಂಟು ಹಾಕಿ, ದಾರದ ಉದ್ದ ಎರಡರಷ್ಟಾಗುವಂತೆ ಎಳೆಯಿರಿ. ಯಾವ ಗಂಟಿನ ಮೇಲೆ ಕೂತು ನೋಡಿದರೂ ಪಕ್ಕದ ಗಂಟು ಒಂದು ಗೇಣು ದೂರ ಸರಿದಿರುತ್ತದೆ, ಅದರಾಚೆಯದು ಎರಡು ಗೇಣು, ಮೂರನೆಯದು ಮೂರು ಗೇಣು. ದೂರಕ್ಕೆ ತಕ್ಕ ವೇಗ ಎಂಬ ಹಬಲ್ ನಕ್ಷೆ ಇದೇ. ಗಂಟುಗಳು ದಾರದ ಮೇಲೆ ಜಾರಿಲ್ಲ, ದಾರವೇ ಹಿಗ್ಗಿದೆ. ಹಾಗೆಯೇ ಗೆಲಾಕ್ಸಿಗಳ ನಡುವಿನ ಅವಕಾಶವೇ ಹಿಗ್ಗುತ್ತಿದೆ. ಅದರಲ್ಲಿ ಸಾಗಿ ಬರುವ ಬೆಳಕಿನ ಅಲೆಯೂ ಜೊತೆಗೆ ಹಿಗ್ಗಿ ಕೆಂಪಾಗುತ್ತದೆ. ಆದ್ದರಿಂದ ಖಾಲಿ ಜಾಗದ ನಡುವೆ ಎಲ್ಲೋ ಒಂದು ಬಾಂಬು ಸಿಡಿದು ಚೂರುಗಳು ಹಾರಿದಂತೆ ಮಹಾಸ್ಫೋಟವನ್ನು ಚಿತ್ರಿಸುವುದು ತಪ್ಪು. ಅದಕ್ಕೆ ಕೇಂದ್ರವಿಲ್ಲ, ಅದು ಎಲ್ಲ ಕಡೆಯೂ ಒಟ್ಟಿಗೇ ನಡೆದದ್ದು.

ಹಿಗ್ಗುತ್ತಿರುವುದನ್ನು ಹಿಂದಕ್ಕೆ ತಿರುಗಿಸಿದರೆ ವಯಸ್ಸು ಸಿಗಬೇಕು. ಸಿಕ್ಕಿದ ವಯಸ್ಸೇ ದೊಡ್ಡ ಪೇಚು ತಂದಿತು. ಹಬಲ್ ಅಂಕಿಯ ಪ್ರಕಾರ ವಿಶ್ವಕ್ಕೆ 200 ಕೋಟಿ ವರ್ಷವೂ ತುಂಬಿರಲಿಲ್ಲ, ಭೂಮಿಯ ಬಂಡೆಗಳು ಅದಕ್ಕಿಂತ ಹಳೆಯವು. ಕೂಸಿಗಿಂತ ತೊಟ್ಟಿಲು ಚಿಕ್ಕದು ಎನ್ನುವಂಥ ಈ ಅಸಂಗತಿ ಬಿಡಿಸಿಕೊಳ್ಳಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಸೆಫೀಡ್‌ಗಳಲ್ಲಿ ಎರಡು ಬಗೆಯಿವೆ, ಅವನ್ನು ಒಂದೇ ಎಂದು ಎಣಿಸಿದ್ದರಿಂದ ದೂರಗಳೆಲ್ಲ ಅರ್ಧದಷ್ಟಾಗಿ ಬಂದಿವೆ ಎಂದು ವಾಲ್ಟರ್ ಬಾಡೆ 1952ರಲ್ಲಿ ತೋರಿಸಿದರು. ಮುಂದಿನ ತಿದ್ದುಪಡಿಗಳಲ್ಲಿ ವಯಸ್ಸು ಇನ್ನೂ ಏರಿತು.

ಈ ನಡುವೆ, 1948ರಲ್ಲಿ, ಫ್ರೆಡ್ ಹಾಯ್ಲ್, ಹರ್ಮನ್ ಬಾಂಡಿ, ಥಾಮಸ್ ಗೋಲ್ಡ್ ಆರಂಭವೇ ಇಲ್ಲದ ಸ್ಥಿರಸ್ಥಿತಿ ವಿಶ್ವವನ್ನು ಮಂಡಿಸಿದರು. ವಿಶ್ವ ಹಿಗ್ಗಿದಂತೆ ತೆರವಾದ ಜಾಗದಲ್ಲಿ ಹೊಸ ದ್ರವ್ಯ ತುಸು ತುಸುವೇ ಹುಟ್ಟುತ್ತದೆ, ಆದ್ದರಿಂದ ಅದು ಎಂದೆಂದಿಗೂ ಒಂದೇ ತರ ಕಾಣುತ್ತದೆ ಎಂಬುದು ಅವರ ವಾದ. ಎದುರಾಳಿ ಸಿದ್ಧಾಂತಕ್ಕೆ ಬಿಗ್ ಬ್ಯಾಂಗ್ ಎಂದು 1949ರ ಬಿಬಿಸಿ ರೇಡಿಯೊ ಭಾಷಣದಲ್ಲಿ ಹೆಸರಿಟ್ಟವರೂ ಹಾಯ್ಲ್ ಅವರೇ. ಅವರ ಶಿಷ್ಯ, ಪುಣೆಯ ಅಯುಕಾ ಸಂಸ್ಥೆಯನ್ನು ಕಟ್ಟಿದ ಜಯಂತ ನಾರ್ಳೀಕರ್, ಈ ವಾದದ ಪರಿಷ್ಕೃತ ರೂಪವನ್ನು ದಶಕಗಳ ಕಾಲ ಬಿಡದೆ ಎತ್ತಿಹಿಡಿದರು. ಒಪ್ಪಿತ ಸಿದ್ಧಾಂತಕ್ಕೆ ಎದುರು ನಿಂತು ಕೇಳುವವರು ಇದ್ದದ್ದರಿಂದಲೇ ಅದರ ಪರೀಕ್ಷೆಗಳು ಬಿಗಿಯಾದವು.

ಕಾಣಬಲ್ಲ ಕೊನೆಯ ಗೋಡೆ

ತೀರ್ಪು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಬೆಲ್ ಪ್ರಯೋಗಾಲಯದ ಕಹಳೆಯಾಕಾರದ ಆಂಟೆನಾ ಒಂದಿತ್ತು. 1964ರಲ್ಲಿ ಆರ್ನೊ ಪೆಂಝಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅದನ್ನು ಖಗೋಳವೀಕ್ಷಣೆಗೆ ಸಜ್ಜು ಮಾಡುತ್ತಿದ್ದಾಗ ಒಂದು ಗೊರ ಸದ್ದು ಬೆನ್ನು ಹತ್ತಿತು. ಯಾವ ದಿಕ್ಕಿಗೆ ತಿರುಗಿಸಿದರೂ, ಹಗಲಾಗಲಿ ರಾತ್ರಿಯಾಗಲಿ, ಯಾವ ಋತುವಿನಲ್ಲೇ ಆಗಲಿ, ಅದು ಅಷ್ಟೇ ಇರುತ್ತಿತ್ತು. ಆಂಟೆನಾದೊಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆಯನ್ನೆಲ್ಲ ತೊಳೆದರೂ ಹೋಗಲಿಲ್ಲ. ಸುಮಾರು 3.5 ಕೆಲ್ವಿನ್ ಉಷ್ಣತೆಯ ವಸ್ತುವೊಂದು ಇಡೀ ಆಕಾಶ ತುಂಬಿಕೊಂಡು ಸೂಸುತ್ತಿರುವಂಥ ಮೈಕ್ರೊವೇವ್ ವಿಕಿರಣ ಅದು.

ಅದೇ ಹೊತ್ತಿಗೆ ಹತ್ತಿರದ ಪ್ರಿನ್ಸ್‌ಟನ್‌ನಲ್ಲಿ ರಾಬರ್ಟ್ ಡಿಕಿ ಮತ್ತು ಸಂಗಡಿಗರು ಇಂಥದೇ ವಿಕಿರಣವನ್ನು ಹುಡುಕಲು ಉಪಕರಣ ಕಟ್ಟುತ್ತಿದ್ದರು. ಅವರಿಗೂ ಮೊದಲು, 1948ರಲ್ಲೇ, ಜಾರ್ಜ್ ಗ್ಯಾಮೊ ಅವರ ಬಳಗದ ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್ ಆದಿಯ ಬಿಸಿ ಇಂದು ಸುಮಾರು 5 ಕೆಲ್ವಿನ್‌ಗೆ ಇಳಿದಿರಬೇಕೆಂದು ಲೆಕ್ಕ ಹಾಕಿದ್ದರು, ಅದು ಮರೆತೇಹೋಗಿತ್ತು. 1965ರಲ್ಲಿ ಎರಡೂ ತಂಡಗಳ ಲೇಖನಗಳು ಒಟ್ಟಿಗೆ ಪ್ರಕಟವಾದವು. ಸ್ಥಿರಸ್ಥಿತಿ ವಾದಕ್ಕೆ ಬಿದ್ದ ಪೆಟ್ಟು ದೊಡ್ಡದು. ಪೆಂಝಿಯಾಸ್ ಮತ್ತು ವಿಲ್ಸನ್‌ಗೆ 1978ರಲ್ಲಿ ನೊಬೆಲ್ ಬಂತು.

ಹಿನ್ನೆಲೆ ವಿಕಿರಣ ಎಂದು ಹೆಸರಾದ ಇದು ಹೊರಟದ್ದು ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷವಾಗಿದ್ದಾಗ. ಅದಕ್ಕೆ ಮೊದಲು ವಿಶ್ವ ಎಷ್ಟು ಬಿಸಿಯಾಗಿತ್ತೆಂದರೆ ಎಲೆಕ್ಟ್ರಾನುಗಳು ಪರಮಾಣುಗಳಲ್ಲಿ ನೆಲೆಸದೆ ಬಿಡಿಬಿಡಿಯಾಗಿ ಅಲೆಯುತ್ತ, ಬೆಳಕನ್ನು ಹೆಜ್ಜೆ ಹೆಜ್ಜೆಗೂ ಚದುರಿಸುತ್ತಿದ್ದವು. ಉಷ್ಣತೆ 3,000 ಕೆಲ್ವಿನ್ ಆಸುಪಾಸಿಗೆ ಇಳಿದಾಗ ಅವು ಪರಮಾಣುಗಳೊಳಗೆ ಸೇರಿದವು, ದಾರಿ ತೆರವಾಗಿ ಬೆಳಕು ಹೊರಟಿತು. ಅಲ್ಲಿಂದ ಈಚೆಗೆ ವಿಶ್ವ ಸುಮಾರು 1,100 ಪಟ್ಟು ಹಿಗ್ಗಿದೆ, ಆ ಬೆಳಕು 2.7 ಕೆಲ್ವಿನ್‌ಗೆ ತಣಿದಿದೆ. ಇಂದು ಅವಕಾಶದ ಪ್ರತಿ ಘನ ಸೆಂಟಿಮೀಟರಿನಲ್ಲೂ ಅದರ ಸುಮಾರು 400 ಫೋಟಾನುಗಳಿವೆ.

ನಾಸಾ 1989ರಲ್ಲಿ ಹಾರಿಸಿದ ಕೋಬ್ ಉಪಗ್ರಹ ಈ ವಿಕಿರಣವನ್ನು ಅಳೆದಾಗ, ಅದು ಸಿದ್ಧಾಂತ ಹೇಳಿದ ವಕ್ರರೇಖೆಯ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಕೂತಿತು. 1990ರ ಜನವರಿಯಲ್ಲಿ ಆ ನಕ್ಷೆಯನ್ನು ಪರದೆಯ ಮೇಲೆ ತೋರಿಸಿದಾಗ ನೆರೆದಿದ್ದ ಖಗೋಳಜ್ಞರು ಎದ್ದು ನಿಂತು ಚಪ್ಪಾಳೆ ತಟ್ಟಿದರು. 1992ರಲ್ಲಿ ಕೋಬ್ ಇನ್ನೊಂದು ಸಂಗತಿ ಹೇಳಿತು: ವಿಕಿರಣದ ಉಷ್ಣತೆಯಲ್ಲಿ ದಿಕ್ಕಿನಿಂದ ದಿಕ್ಕಿಗೆ ಲಕ್ಷದಲ್ಲೊಂದು ಪಾಲಿನಷ್ಟು ಏರಿಳಿತವಿದೆ. ಆದಿಯಲ್ಲಿ ಕೂದಲೆಳೆಯಷ್ಟು ಹೆಚ್ಚು ಒತ್ತಾಗಿದ್ದ ಜಾಗಗಳೇ ಗುರುತ್ವದಿಂದ ಇನ್ನಷ್ಟು ದ್ರವ್ಯವನ್ನು ಎಳೆದುಕೊಂಡು ಗೆಲಾಕ್ಸಿಗಳಾದವು. ಬೆಳಕಿನ ಸಹಾಯದಿಂದ ನೇರವಾಗಿ ನೋಡುವ ನಮ್ಮ ಶಕ್ತಿ ಈ ಗೋಡೆಗೆ ಮುಗಿಯುತ್ತದೆ.

ಗೋಡೆಯಾಚೆಯ ಲೆಕ್ಕ

ಗೋಡೆಯಾಚೆ ಕಾಣದು, ಆದರೆ ಅಲ್ಲಿ ತಯಾರಾದ ಸರಕು ಇಂದಿಗೂ ಉಳಿದಿದೆ. ವಿಶ್ವಕ್ಕೆ ಒಂದು ಸೆಕೆಂಡ್ ಆಗಿದ್ದಾಗ ಉಷ್ಣತೆ ಸುಮಾರು 1,000 ಕೋಟಿ ಡಿಗ್ರಿ. ಪ್ರೋಟಾನು, ನ್ಯೂಟ್ರಾನುಗಳು ಬಿಡಿಬಿಡಿಯಾಗಿದ್ದವು. ಕೆಲವು ನಿಮಿಷಗಳಲ್ಲಿ ಉಷ್ಣತೆ 100 ಕೋಟಿ ಡಿಗ್ರಿಗೆ ಇಳಿದು, ಅವು ಕೂಡಿಕೊಂಡು ಪರಮಾಣು ಬೀಜಗಳಾಗುವ ಹೊತ್ತಿಗೆ ಏಳು ಪ್ರೋಟಾನುಗಳಿಗೆ ಒಂದು ನ್ಯೂಟ್ರಾನು ಉಳಿದಿತ್ತು ಎನ್ನುತ್ತದೆ ಪರಮಾಣು ಭೌತವಿಜ್ಞಾನ. ಇಲ್ಲಿಂದ ಮುಂದಿನ ಲೆಕ್ಕ ಶಾಲೆಯ ಮಕ್ಕಳೂ ಮಾಡಬಹುದು. ಎರಡು ನ್ಯೂಟ್ರಾನು, ಹದಿನಾಲ್ಕು ಪ್ರೋಟಾನು ತೆಗೆದುಕೊಳ್ಳಿ. ಒಂದು ಹೀಲಿಯಂ ಬೀಜಕ್ಕೆ ಎರಡು ನ್ಯೂಟ್ರಾನು, ಎರಡು ಪ್ರೋಟಾನು ಬೇಕು. ಹದಿನಾರು ಕಣಗಳಲ್ಲಿ ನಾಲ್ಕು ಹೀಲಿಯಂಗೆ ಹೋದವು, ಉಳಿದ ಹನ್ನೆರಡು ಜಲಜನಕ. ಅಂದರೆ ತೂಕದಲ್ಲಿ ಕಾಲುಭಾಗ ಹೀಲಿಯಂ, ಮುಕ್ಕಾಲು ಭಾಗ ಜಲಜನಕ.

ನಕ್ಷತ್ರಗಳಿಂದ ಹೆಚ್ಚು ಕಲಬೆರಕೆಯಾಗದ ಹಳೆಯ ಅನಿಲದಲ್ಲಿ ಅಳೆದಾಗ ಸಿಗುವುದೂ ಹೆಚ್ಚುಕಡಿಮೆ ಇದೇ ಪ್ರಮಾಣ. ಇಷ್ಟು ಹೀಲಿಯಂ ಅನ್ನು ನಕ್ಷತ್ರಗಳು ಮಾತ್ರವೇ ತಯಾರಿಸಲಾರವು. ಇದನ್ನು ಮನಗಾಣಿಸುವ ಲೆಕ್ಕಗಳಲ್ಲೊಂದನ್ನು 1964ರಲ್ಲಿ ರೋಜರ್ ಟೇಲರ್ ಜೊತೆ ಪ್ರಕಟಿಸಿದವರು ಸ್ಥಿರಸ್ಥಿತಿಯ ಹಾಯ್ಲ್ ಅವರೇ ಎಂಬುದು ವಿಜ್ಞಾನದ ಸ್ವಭಾವಕ್ಕೆ ಹಿಡಿದ ಕನ್ನಡಿ. ಭಾರ ಜಲಜನಕದ ಪ್ರಮಾಣವೂ ತಾಳೆಯಾಗುತ್ತದೆ. ಲಿಥಿಯಂ ಮಾತ್ರ ಲೆಕ್ಕಕ್ಕಿಂತ ಸುಮಾರು ಮೂರು ಪಟ್ಟು ಕಡಿಮೆ ಸಿಗುತ್ತದೆ. ಆ ಗಂಟು ಇನ್ನೂ ಬಿಚ್ಚಿಲ್ಲ. ಹೀಗೆ ಒಂದು ಸೆಕೆಂಡಿನಿಂದ ಈಚೆಗಿನ ಕಥೆಗೆ ಸಾಕ್ಷಿ ಗಟ್ಟಿಯಾಗಿದೆ.

ಊಹೆಯ ಸೀಮೆ

ಅದಕ್ಕೂ ಹಿಂದೆ ಹೋದರೆ ನೆಲ ಸಡಿಲ. ಹಿನ್ನೆಲೆ ವಿಕಿರಣ ಎಲ್ಲ ದಿಕ್ಕಿನಲ್ಲೂ ಒಂದೇ ಉಷ್ಣತೆಯಲ್ಲಿರುವುದೇ ಒಂದು ಒಗಟು. ಆಕಾಶದಲ್ಲಿ ಒಂದೆರಡು ಡಿಗ್ರಿಗಿಂತ ದೂರವಿರುವ ಜಾಗಗಳ ನಡುವೆ, ಆ ವಿಕಿರಣ ಹೊರಡುವ ಹೊತ್ತಿಗೆ, ಬೆಳಕು ಕೂಡ ಓಡಾಡಿರಲು ಸಾಧ್ಯವಿರಲಿಲ್ಲ. ಸಂಪರ್ಕವೇ ಇಲ್ಲದ ಜಾಗಗಳು ಒಂದೇ ಉಷ್ಣತೆಗೆ ಬಂದದ್ದು ಹೇಗೆ? 1981ರಲ್ಲಿ ಅಲನ್ ಗುತ್ ಇನ್‌ಫ್ಲೇಶನ್ ಎಂಬ ಪರಿಹಾರ ಸೂಚಿಸಿದರು. ಮೊದಲ ಸೆಕೆಂಡಿನ ಊಹೆಗೂ ನಿಲುಕದಷ್ಟು ಸಣ್ಣ ಭಾಗದಲ್ಲಿ ವಿಶ್ವ ಹಠಾತ್ತನೆ ಉಬ್ಬಿತು, ಮೊದಲು ಒಟ್ಟಿಗಿದ್ದ ಪುಟ್ಟ ಜಾಗವೇ ಉಬ್ಬಿ ಇಂದು ಕಾಣುವಷ್ಟೂ ಆಕಾಶವಾಯಿತು ಎಂಬುದು ಅದರ ಸಾರ. ಆಂಡ್ರೆ ಲಿಂಡೆ ಮತ್ತಿತರರು ಅದನ್ನು ತಿದ್ದಿ ಬೆಳೆಸಿದರು.

ವಿಕಿರಣದ ಏರಿಳಿತಗಳ ವಿನ್ಯಾಸ ಈ ಕಲ್ಪನೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಆ ಉಬ್ಬರ ಬಿಟ್ಟಿರಬೇಕಾದ ಗುರುತ್ವ ಅಲೆಗಳ ಗುರುತು ಸಿಕ್ಕಿಲ್ಲ. 2014ರಲ್ಲಿ ದಕ್ಷಿಣ ಧ್ರುವದ ಬೈಸೆಪ್2 ದೂರದರ್ಶಕದ ತಂಡ ಸಿಕ್ಕಿತು ಎಂದು ಸಾರಿತು. ಯುರೋಪಿನ ಪ್ಲಾಂಕ್ ಉಪಗ್ರಹದ ಮಾಹಿತಿಯೊಂದಿಗೆ ಹೋಲಿಸಿದಾಗ ಅದರಲ್ಲಿ ದೊಡ್ಡ ಪಾಲು ನಮ್ಮ ಆಕಾಶಗಂಗೆಯ ಧೂಳಿನದೆಂದು ತಿಳಿಯಿತು.

ಇನ್ನೂ ಹಿಂದಕ್ಕೆ, ಸೊನ್ನೆಯ ಕ್ಷಣಕ್ಕೆ ಹೋದರೆ? ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಪ್ರಕಟಿಸಿದ ಸಮೀಕರಣವನ್ನು ಬುನಾದಿಯಾಗಿಟ್ಟುಕೊಂಡು ರೋಜರ್ ಪೆನ್‌ರೋಸ್ ಮತ್ತು ಸ್ಟೀಫನ್ ಹಾಕಿಂಗ್ 1960ರ ದಶಕದಲ್ಲಿ ಒಂದು ಫಲಿತಾಂಶ ಸಾಧಿಸಿದರು. ಸಾಪೇಕ್ಷತೆಯ ನಿಯಮಗಳನ್ನಷ್ಟೇ ನಂಬಿ ಹಿಂದೆ ಹೋದರೆ ಸಾಂದ್ರತೆ ಅನಂತವಾಗುವ ಬಿಂದು ಎದುರಾಗುತ್ತದೆ. ಅನಂತ ಎಂಬ ಉತ್ತರ ಬಂದರೆ ಆ ಸೂತ್ರದ ಅಧಿಕಾರ ಅಲ್ಲಿ ಮುಗಿಯಿತು ಎಂದೇ ಭೌತವಿಜ್ಞಾನಿಗಳು ತಿಳಿಯುತ್ತಾರೆ. ಅಲ್ಲಿ ಗುರುತ್ವ ಮತ್ತು ಕ್ವಾಂಟಂ ನಿಯಮಗಳೆರಡನ್ನೂ ಬೆಸೆದ ಸಿದ್ಧಾಂತ ಬೇಕು. ಅದು ಇನ್ನೂ ಯಾರ ಕೈಯಲ್ಲೂ ಇಲ್ಲ. ಅದಕ್ಕೆ ಮೊದಲು ಏನಿತ್ತು, ಮೊದಲು ಎಂಬುದಕ್ಕೆ ಅಲ್ಲಿ ಅರ್ಥವಿದೆಯೇ ಎಂಬುದೆಲ್ಲ ಈ ಸೀಮೆಯ ಮಾತು.

ಕೆರೆಯ ಮೇಲೆ ತೇಲಿದ ದೂರದರ್ಶಕ

ಕಂಡದ್ದು ಎಂಬ ಕಾಲದೊಳಗೂ ಒಂದು ಕತ್ತಲ ಕೋಣೆ ಇದೆ. ಹಿನ್ನೆಲೆ ವಿಕಿರಣ ಹೊರಟ ಮೇಲೆ ಮೊದಲ ನಕ್ಷತ್ರಗಳು ಹೊತ್ತಿಕೊಳ್ಳುವವರೆಗಿನ ಅವಧಿ ಅದು. 2021ರಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕ ವಿಶ್ವಕ್ಕೆ 30 ಕೋಟಿ ವರ್ಷ ತುಂಬುವ ಮೊದಲಿನ ಗೆಲಾಕ್ಸಿಗಳನ್ನು ತೋರಿಸಿದೆ. ಅದಕ್ಕೂ ಹಿಂದಿನ ಸುದ್ದಿಗೆ ಜಲಜನಕವನ್ನೇ ಕೇಳಬೇಕು. ಜಲಜನಕ 1,420 ಮೆಗಾಹರ್ಟ್ಸ್‌ನಲ್ಲಿ ಸೂಸುವ ಅಥವಾ ಹೀರುವ ರೇಡಿಯೊ ಅಲೆ ವಿಶ್ವದೊಂದಿಗೆ ಹಿಗ್ಗಿ, ಇಂದು ನಮಗೆ 50ರಿಂದ 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ತಲುಪುತ್ತದೆ. ನಮ್ಮ ಎಫ್‌ಎಂ ವಾಹಿನಿಗಳು ಬಿತ್ತರವಾಗುವುದೂ ಅಲ್ಲೇ.

2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿಟ್ಟ ಎಡ್ಜಸ್ ಎಂಬ ಉಪಕರಣ 78 ಮೆಗಾಹರ್ಟ್ಸ್‌ನಲ್ಲಿ ಒಂದು ಕುಳಿಯನ್ನು, ಅಂದರೆ ರೇಡಿಯೊ ಸಂಕೇತದ ಇಳಿತವನ್ನು, ಕಂಡಿತು. ಮೊದಲ ನಕ್ಷತ್ರಗಳ ಗುರುತು ಎನ್ನಲಾದ ಆ ಕುಳಿ ಲೆಕ್ಕಕ್ಕಿಂತ ಎರಡು ಪಟ್ಟು ಆಳವಾಗಿತ್ತು. ಹೊಸ ಭೌತವಿಜ್ಞಾನವೇ ಬೇಕಾದೀತು ಎಂದು ಲೇಖನಗಳು ಸಾಲುಗಟ್ಟಿದವು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಇದನ್ನು ಪರೀಕ್ಷಿಸಲು ತಮ್ಮ ಸರಸ್ 3 ಉಪಕರಣವನ್ನು ನೀರಿಗಿಳಿಸಿದರು. ಆಂಟೆನಾದ ಕೆಳಗಿನ ನೆಲ ಪದರ ಪದರವಾಗಿದ್ದು, ತಾನೂ ವಿಕಿರಣ ಸೂಸಿ ಅಳತೆಯನ್ನು ಕೆಡಿಸುತ್ತದೆ. ನೀರಾದರೆ ಒಂದೇ ಸಮ. 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿ ಹಿನ್ನೀರಿನಲ್ಲಿಯೂ ಅದು ತೇಲುತ್ತ ಆಕಾಶವನ್ನು ಆಲಿಸಿತು. 2022ರಲ್ಲಿ ಪ್ರಕಟವಾದ ಫಲಿತಾಂಶ: ಆ ಕುಳಿ ಇಲ್ಲ. ಎಡ್ಜಸ್ ಕಂಡದ್ದು ಆಕಾಶದ ಸಂಗತಿಯಾಗಿರುವ ಸಾಧ್ಯತೆ ಕಡಿಮೆ.

ಹಿಗ್ಗುವಿಕೆಯ ವೇಗವೂ ಇತ್ಯರ್ಥವಾಗಿಲ್ಲ. ಗುರುತ್ವ ಅದನ್ನು ನಿಧಾನಿಸುತ್ತಿರಬೇಕೆಂದು ಎಲ್ಲರೂ ಎಣಿಸಿದ್ದಾಗ, 1998ರಲ್ಲಿ ದೂರದ ಸೂಪರ್‌ನೋವಾಗಳನ್ನು ಅಳೆದ ಎರಡು ತಂಡಗಳು ಅದು ಹೆಚ್ಚುತ್ತಿದೆ ಎಂದವು. ಇದಕ್ಕೆ ಕಾರಣವೆನ್ನುವ ಕಪ್ಪು ಶಕ್ತಿ ವಿಶ್ವದ ನೂರರಲ್ಲಿ ಸುಮಾರು 68 ಪಾಲು, ಕಣ್ಣಿಗೆ ಕಾಣದ ಕಪ್ಪು ದ್ರವ್ಯ 27 ಪಾಲು. ನಾವು, ನಕ್ಷತ್ರಗಳು, ಅನಿಲ ಎಲ್ಲ ಸೇರಿ ನೂರರಲ್ಲಿ ಐದು. ಹಿನ್ನೆಲೆ ವಿಕಿರಣದಿಂದ ಲೆಕ್ಕ ಹಾಕಿದರೆ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಸುಮಾರು 67 ಕಿಲೋಮೀಟರ್ ವೇಗ ಬರುತ್ತದೆ. ಲೀವಿಟ್ ಅವರ ಸೆಫೀಡ್‌ಗಳಿಂದ ಆರಂಭಿಸಿ ಸೂಪರ್‌ನೋವಾಗಳವರೆಗೆ ಅಳೆಯುವ ತಂಡಕ್ಕೆ ಬರುವುದು ಸುಮಾರು 73. ಎರಡೂ ಕಡೆಯವರು ತಮ್ಮ ಅಳತೆಯಲ್ಲಿ ದೊಡ್ಡ ದೋಷ ಕಾಣುತ್ತಿಲ್ಲ.

ಇಂಥ ಭಿನ್ನಾಭಿಪ್ರಾಯ ಸುದ್ದಿಯಾದಾಗಲೆಲ್ಲ ಮಹಾಸ್ಫೋಟ ಸಿದ್ಧಾಂತ ಕುಸಿಯಿತು ಎಂಬ ಶೀರ್ಷಿಕೆಗಳು ಬರುತ್ತವೆ. ಓದುಗರು ಮಾಡಬೇಕಾದ ಕೆಲಸ ಸುಲಭ: ಅಲುಗುತ್ತಿರುವುದು ಯಾವ ಭಾಗ ಎಂದು ಕೇಳಿಕೊಳ್ಳುವುದು. ವಿಶ್ವ ಬಿಸಿಯಾಗಿತ್ತು, ಹಿಗ್ಗಿ ತಣಿದಿದೆ ಎಂಬುದಕ್ಕೆ ಹಿನ್ನೆಲೆ ವಿಕಿರಣವೂ ಹೀಲಿಯಂ ಲೆಕ್ಕವೂ ಬೇರೆ ಬೇರೆ ದಾರಿಯಿಂದ ಬಂದು ಸಾಕ್ಷಿ ಹೇಳುತ್ತವೆ. ಅದನ್ನು ಅಲುಗಿಸಲು ಎರಡನ್ನೂ ಬೇರೆ ರೀತಿ ವಿವರಿಸಿ ತೋರಿಸಬೇಕು. ಹಿಗ್ಗುವಿಕೆಯ ವೇಗ, ಕಪ್ಪು ಶಕ್ತಿಯ ಸ್ವರೂಪ, ಮೊದಲ ಗೆಲಾಕ್ಸಿಗಳು ಹುಟ್ಟಿದ ಕಾಲ ಇವೆಲ್ಲ ಇನ್ನೂ ತಿದ್ದುಪಡಿಗೆ ತೆರೆದಿವೆ, 1952ರಲ್ಲಿ ವಿಶ್ವದ ವಯಸ್ಸು ತಿದ್ದುಪಡಿಯಾದಂತೆ ಇವೂ ಆಗಬಹುದು. ಮೊದಲ ಸೆಕೆಂಡಿನ ಆಚೆಗಿನದು ಎಂದೂ ಪಕ್ಕಾ ಆಗಿರಲಿಲ್ಲ, ಆದ್ದರಿಂದ ಅದು ಕುಸಿಯುವ ಪ್ರಶ್ನೆಯೂ ಇಲ್ಲ.